ಸೌದೆ ಒಟ್ಟಿದ ಮೇಲೆ ಫೋನು, ಕಂಪ್ಯೂಟರಿಗೂ ಒಂದು ಭಾನುವಾರ

ಮೇ ತಿಂಗಳು ಬಂತೆಂದರೆ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆಯ ಮನೆಗಳಲ್ಲಿ ಗಡಿಬಿಡಿ ಶುರು. ಸೌದೆ ಒಟ್ಟಬೇಕು. ಒಡೆದ ಹಂಚು ಬದಲಿಸಬೇಕು. ಹಪ್ಪಳ, ಸಂಡಿಗೆ ಒಣಗಿಸಿ ಡಬ್ಬಿಗೆ ತುಂಬಬೇಕು. ಚರಂಡಿ ಬಿಡಿಸಬೇಕು. ಇಷ್ಟೆಲ್ಲ ನೆನಪಿಟ್ಟು ಮಾಡುವ ನಾವು ಮನೆಯ ಫೋನು, ಕಂಪ್ಯೂಟರು, ವೈಫೈ ಡಬ್ಬಿಯನ್ನು ಮಾತ್ರ ಮರೆತುಬಿಡುತ್ತೇವೆ. ಆರಿದ್ರಾ ಮಳೆ ಹಿಡಿದು, ಲೈನಿನ ಮೇಲೆ ಮರ ಬಿದ್ದು, ಮೂರು ದಿನ ಕರೆಂಟಿಲ್ಲದೆ ಕೂತಾಗ ಅವುಗಳ ನೆನಪಾಗುತ್ತದೆ.

ನೆಂಟರ ಪೈಕಿ ಸ್ವಲ್ಪ ಕಂಪ್ಯೂಟರ್ ಗೊತ್ತಿರುವವನು ನಾನು. ಅದೇ ತಪ್ಪಾಯಿತು. ಮಳೆಗಾಲದಲ್ಲಿ ನನಗೆ ಬರುವ ಕರೆಗಳೆಲ್ಲ ಒಂದೇ ಥರ. "ಆನ್ ಆಗ್ತಾನೇ ಇಲ್ಲ ಮಾರಾಯ." "ಫೋಟೋ ಎಲ್ಲ ಹೋಯ್ತು ಕಣೋ." "ಚಾರ್ಜ್ ಏರ್ತಿಲ್ಲ, ಏನ್ ಮಾಡ್ಲಿ?" ಜುಲೈನಲ್ಲಿ ಕೇಳಿದರೆ ನನ್ನ ಹತ್ತಿರ ಹೆಚ್ಚಿಗೆ ಉತ್ತರವಿರುವುದಿಲ್ಲ. ಮೇ ತಿಂಗಳಲ್ಲಿ ಕೇಳಿದ್ದರೆ ಒಂದು ಭಾನುವಾರದಲ್ಲಿ ಮುಗಿಯುವ ಕೆಲಸ. ಆ ಭಾನುವಾರ ಏನೇನು ಮಾಡಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸಿಡಿಲಿನ ವಿಚಾರ

ಮುಂಗಾರಿಗಿಂತ ಮುಂಚಿನ ಮಳೆಯಲ್ಲೇ ನಮ್ಮಲ್ಲಿ ಸಿಡಿಲು ಜಾಸ್ತಿ. ಏಪ್ರಿಲ್, ಮೇ ಸಂಜೆಗಳು. ಜೂನ್‌ನಲ್ಲಿ ಜಡಿಮಳೆ ಹಿಡಿದ ಮೇಲೆ ಗುಡುಗು ಕಡಿಮೆಯಾಗುತ್ತದೆ. ಹಿಂಗಾರಿನಲ್ಲಿ ಮತ್ತೆ ಬರುತ್ತದೆ.

ಒಂದು ವರ್ಷ ಭರಣಿ ಮಳೆಯ ದಿನ ನಾನು ಭಾರಿ ಜಾಣನಂತೆ ಮೊದಲ ಗುಡುಗಿಗೇ ಕಂಪ್ಯೂಟರಿನ ಪ್ಲಗ್ ಕಿತ್ತು ಕಾಫಿ ಕುಡಿಯುತ್ತಾ ಕೂತಿದ್ದೆ. ಬೆಳಗ್ಗೆ ನೋಡಿದರೆ ಕಂಪ್ಯೂಟರ್ ಆನ್ ಆಯಿತು, ಇಂಟರ್ನೆಟ್ ಇಲ್ಲ. ವೈಫೈ ರೂಟರ್ ಸತ್ತಿತ್ತು. ಕಂಪ್ಯೂಟರಿನ ಹಿಂಭಾಗದಲ್ಲಿ ನೆಟ್ ವಯರ್ ಸಿಕ್ಕಿಸುವ ಜಾಗವೂ ಸುಟ್ಟಿತ್ತು. ಕರೆಂಟಿನ ದಾರಿ ಮುಚ್ಚಿದ್ದೆ, ಫೋನ್ ಲೈನಿನ ದಾರಿ ಮುಚ್ಚಿರಲಿಲ್ಲ. ಆಗ ನಮ್ಮದು ಹಳೆಯ ತಾಮ್ರದ ತಂತಿಯ ಕನೆಕ್ಷನ್. ಕಂಬದಿಂದ ಕಂಬಕ್ಕೆ ತೋಟದ ಮೇಲೆ ಹಾದು ಬಂದ ತಂತಿ. ಹತ್ತಿರದಲ್ಲೆಲ್ಲೋ ಸಿಡಿಲು ಬಿದ್ದರೂ ಆ ತಂತಿಯಲ್ಲಿ ಹೈ ವೋಲ್ಟೇಜ್ ಹರಿದು ಮನೆಯೊಳಗೆ ಬರುತ್ತದೆ.

ಈಗ ಎಷ್ಟೋ ಮನೆಗಳಿಗೆ ಫೈಬರ್ ಬಂದಿದೆ. ಫೈಬರ್ ಅಂದರೆ ಗಾಜಿನ ಎಳೆ, ಅದರಲ್ಲಿ ಬೆಳಕು ಹೋಗುತ್ತದೆಯೇ ಹೊರತು ಕರೆಂಟಲ್ಲ. ಹಾಗಂತ ನಿಶ್ಚಿಂತೆಯಿಂದ ಇರುವಂತಿಲ್ಲ. ಆ ಡಬ್ಬಿಯ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲೇ ಇರುತ್ತದೆ. ಡಬ್ಬಿಯಿಂದ ಕಂಪ್ಯೂಟರಿಗೆ ಬರುವ ವಯರು ತಾಮ್ರದ್ದೇ. ಆದ್ದರಿಂದ ಮೋಡ ಕಟ್ಟಿದಾಗ ಕಿತ್ತಿಡಬೇಕಾದದ್ದು ನಾಲ್ಕು: ಕಂಪ್ಯೂಟರ್ ಪ್ಲಗ್, ರೂಟರ್ ಅಡಾಪ್ಟರ್, ಕಂಪ್ಯೂಟರಿಗೆ ಬರುವ ನೆಟ್ ವಯರ್, ಟಿವಿಗೆ ಬರುವ ಡಿಶ್ ಕೇಬಲ್. ಸುಮ್ನೆ ಸ್ವಿಚ್ ಆಫ್ ಮಾಡಿದರೆ ಏನೂ ಪ್ರಯೋಜನವಿಲ್ಲ. ಕಿಲೋಮೀಟರುಗಟ್ಟಲೆ ಗಾಳಿ ಸೀಳಿಕೊಂಡು ಬರುವ ಸಿಡಿಲಿಗೆ ಸ್ವಿಚ್ಚಿನೊಳಗಿನ ಅರ್ಧ ಸೆಂಟಿಮೀಟರ್ ಸಂದು ಯಾವ ಲೆಕ್ಕ?

ಒಂದು ಎಚ್ಚರಿಕೆ. ತಲೆಯ ಮೇಲೇ ಗುಡುಗುವಾಗ ಹೋಗಿ ಪ್ಲಗ್ ಮುಟ್ಟಬೇಡಿ. ಕೀಳುವುದಿದ್ದರೆ ದೂರದ ಗುಡುಗಿಗೇ ಕೀಳಬೇಕು. ತಡವಾಯಿತೋ, ವಸ್ತು ಹೋದರೆ ಹೋಗಲಿ ಎಂದು ಬಿಟ್ಟುಬಿಡಿ. ಪುಣೆಯ ಹವಾಮಾನ ಸಂಸ್ಥೆ ಐಐಟಿಎಂ ಮಾಡಿರುವ 'ದಾಮಿನಿ' ಎಂಬ ಆ್ಯಪ್ ಉಚಿತವಾಗಿ ಸಿಗುತ್ತದೆ. ನೀವಿರುವ ಜಾಗದ ಸುತ್ತ 20 ಮತ್ತು 40 ಕಿಲೋಮೀಟರ್ ಒಳಗೆ ಸಿಡಿಲು ಕಂಡರೆ ಅದು ತಿಳಿಸುತ್ತದೆ. ತೋಟದಲ್ಲಿ ಆಳುಗಳ ಜೊತೆ ಕೆಲಸ ಮಾಡುವವರು ಹಾಕಿಕೊಳ್ಳಲೇಬೇಕು.

ಮನೆಯೊಳಗೆ ಮೊಬೈಲಿನಲ್ಲಿ ಮಾತಾಡಿದರೆ ಸಿಡಿಲು ಹೊಡೆಯುತ್ತದೆ ಎಂದು ನಮ್ಮ ದೊಡ್ಡಮ್ಮ ಈಗಲೂ ಗದರುತ್ತಾರೆ. ಚಾರ್ಜಿಗೆ ಹಾಕಿಕೊಂಡು ಮಾತಾಡುವುದು ಅಪಾಯ ನಿಜ, ಯಾಕೆಂದರೆ ವಯರು ಗೋಡೆಗೆ ಸೇರಿದೆ. ಚಾರ್ಜಿನಿಂದ ತೆಗೆದ ಮೊಬೈಲು ಸಿಡಿಲನ್ನು ಎಳೆಯುವುದಿಲ್ಲ.

ಅಂಗಡಿಯಲ್ಲಿ 'ಸ್ಪೈಕ್ ಗಾರ್ಡ್' ಕೇಳಿದರೆ ಎಷ್ಟೋ ಸಲ ಬರೀ ಎಕ್ಸ್‌ಟೆನ್ಷನ್ ಬೋರ್ಡ್ ಕೊಟ್ಟು ಕಳಿಸುತ್ತಾರೆ. ಪೆಟ್ಟಿಗೆಯ ಮೇಲೆ 'ಸರ್ಜ್ ಪ್ರೊಟೆಕ್ಷನ್' ಎಂದೂ, ಎಷ್ಟು ಜೂಲ್ ತಡೆಯುತ್ತದೆ ಎಂದೂ ಬರೆದಿರಬೇಕು. ಅದೂ ಸರಿಯಾಗಿ ಕೆಲಸ ಮಾಡಬೇಕಾದರೆ ಮನೆಗೆ ಅರ್ಥಿಂಗ್ ಇರಬೇಕು. ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೂರನೆಯದಕ್ಕೆ ತಂತಿಯೇ ಹೋಗಿರುವುದಿಲ್ಲ! ಎಲೆಕ್ಟ್ರಿಷಿಯನ್ ಬಂದಾಗ ಅದೊಂದನ್ನು ನೋಡಿಸಿ. ಇಷ್ಟೆಲ್ಲ ಇದ್ದರೂ ಹತ್ತಿರದ ಸಿಡಿಲಿಗೆ ಯಾವ ಗಾರ್ಡೂ ಸಾಟಿಯಲ್ಲ. ಪ್ಲಗ್ ಕೀಳುವುದೇ ಗಟ್ಟಿ ಉಪಾಯ.

ಕರೆಂಟು ಹೋದಾಗ

ಮನೆಗೆ ಇನ್ವರ್ಟರ್ ಇದ್ದೂ ಕರೆಂಟು ಹೋದ ಕೂಡಲೇ ಕಂಪ್ಯೂಟರ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ ಅನ್ನುವುದು ಸಾಮಾನ್ಯ ದೂರು. ಇನ್ವರ್ಟರ್ ಕೆಟ್ಟಿಲ್ಲ. ಲೈನಿನಿಂದ ಬ್ಯಾಟರಿಗೆ ಬದಲಾಗಲು ಅದು ತೆಗೆದುಕೊಳ್ಳುವ ಕಣ್ಣುಮಿಟುಕಿಸುವಷ್ಟು ಹೊತ್ತನ್ನು ಬಲ್ಬು, ಫ್ಯಾನು ತಡೆದುಕೊಳ್ಳುತ್ತವೆ, ಕಂಪ್ಯೂಟರ್ ತಡೆಯುವುದಿಲ್ಲ. ಬಹಳಷ್ಟು ಇನ್ವರ್ಟರುಗಳ ಹಿಂದೆ 'ಯುಪಿಎಸ್ ಮೋಡ್' ಎಂಬ ಚಿಕ್ಕ ಸ್ವಿಚ್ ಇರುತ್ತದೆ. ಅದನ್ನು ಹಾಕಿದರೆ ಬದಲಾವಣೆ ಬೇಗ ಆಗುತ್ತದೆ.

ಆದರೆ ನಮ್ಮ ಕಡೆ ಇದರಲ್ಲೊಂದು ತೊಡಕಿದೆ. ಯುಪಿಎಸ್ ಮೋಡ್‌ನಲ್ಲಿ ಇನ್ವರ್ಟರ್ ಕಡಿಮೆ ವೋಲ್ಟೇಜನ್ನು ಒಪ್ಪುವುದಿಲ್ಲ. ಸುಮಾರು 180ಕ್ಕಿಂತ ಕೆಳಗೆ ಇಳಿದರೆ ಲೈನ್ ಇದ್ದರೂ ಬ್ಯಾಟರಿಗೆ ಹೋಗಿಬಿಡುತ್ತದೆ. ಲೈನಿನ ತುದಿಯಲ್ಲಿರುವ ಮನೆಗಳಲ್ಲಿ ಸಂಜೆ ವೋಲ್ಟೇಜ್ ಇಳಿಯುವುದು ದಿನದ ಕಥೆ. ಕರೆಂಟಿದ್ದಾಗಲೇ ಬ್ಯಾಟರಿ ಖಾಲಿಯಾಗಿ, ನಿಜವಾಗಿ ಕರೆಂಟು ಹೋದಾಗ ಕತ್ತಲೆ. ನಿಮ್ಮದು ಅಂಥ ಮನೆಯಾದರೆ ಇನ್ವರ್ಟರನ್ನು ಮಾಮೂಲಿ ಮೋಡ್‌ನಲ್ಲೇ ಬಿಟ್ಟು, ಕಂಪ್ಯೂಟರಿಗೆ ಮಾತ್ರ 600 ವಿಎ ಅಳತೆಯ ಚಿಕ್ಕ ಯುಪಿಎಸ್ (ಕರೆಂಟು ಹೋದ ಕೂಡಲೇ ತನ್ನ ಬ್ಯಾಟರಿಯಿಂದ ನಡೆಸುವ ಡಬ್ಬಿ) ತನ್ನಿ. ಅದು ಹತ್ತು ಹದಿನೈದು ನಿಮಿಷ ಬರುತ್ತದೆ. ಕೆಲಸ ಸೇವ್ ಮಾಡಿ ಆಫ್ ಮಾಡಲಿಕ್ಕೆ ಅಷ್ಟು ಸಾಕು. ಲ್ಯಾಪ್‌ಟಾಪ್ ಇದ್ದವರಿಗೆ ಈ ತಲೆಬಿಸಿ ಇಲ್ಲ, ಬ್ಯಾಟರಿ ಸತ್ತಿರದಿದ್ದರೆ.

ತೋಟದ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಬರೆಯುವವರು ಹತ್ತು ಸಾಲಿಗೊಮ್ಮೆ ಕಂಟ್ರೋಲ್ ಮತ್ತು ಎಸ್ ಒತ್ತುವ ಅಭ್ಯಾಸ ಮಾಡಿಕೊಳ್ಳಿ. ಫೈಲ್, ಆಪ್ಷನ್ಸ್, ಸೇವ್ ಎಂದು ಹೋದರೆ ತಾನಾಗಿಯೇ ಉಳಿಸುವ ಅವಧಿ 10 ನಿಮಿಷ ಎಂದಿರುತ್ತದೆ. ಅದನ್ನು 2 ಮಾಡಿ.

ವೈಫೈ ಡಬ್ಬಿಗೆಂದೇ ಪುಟ್ಟ ಯುಪಿಎಸ್ ಸಿಗುತ್ತದೆ. ಕೆಲವು ಗಂಟೆ ನಡೆಸುತ್ತದೆ. ಕೊಳ್ಳುವ ಮುಂಚೆ ರೂಟರಿನ ಅಡಾಪ್ಟರ್ ಮೇಲೆ ಬರೆದಿರುವುದನ್ನು ಫೋಟೋ ಹೊಡೆದುಕೊಂಡು ಹೋಗಿ. 12 ವೋಲ್ಟಿನದಾದರೆ 12, 9 ಆದರೆ 9. ಹೆಚ್ಚಿನ ವೋಲ್ಟಿನದು ಸಿಕ್ಕಿಸಿದರೆ ಡಬ್ಬಿ ಸುಟ್ಟುಹೋಗುತ್ತದೆ.

ಪವರ್ ಬ್ಯಾಂಕಿನ ಲೆಕ್ಕ ಹಲವರಿಗೆ ಗೊತ್ತಿಲ್ಲ. ಮೇಲೆ 10,000 ಎಂಎಎಚ್ (ಬ್ಯಾಟರಿ ಎಷ್ಟು ಹಿಡಿಯುತ್ತದೆ ಎಂಬ ಅಳತೆ) ಎಂದು ಬರೆದಿದ್ದರೂ ಫೋನಿಗೆ ಸಿಗುವುದು ಸುಮಾರು 6,000 ಮಾತ್ರ. ಒಳಗಿನ ಬ್ಯಾಟರಿಯ ವೋಲ್ಟೇಜನ್ನು ಏರಿಸಿ ಕೊಡುವುದರಲ್ಲಿ ಉಳಿದದ್ದು ಹೋಗುತ್ತದೆ. ಮೋಸವಲ್ಲ, ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಈ ಅಂಕಿಯೂ ಇರುತ್ತದೆ. ಅಂದರೆ 5,000ದ ಫೋನು ಒಂದು ಸಲ ತುಂಬಿ ಸ್ವಲ್ಪ ಮಿಗುತ್ತದೆ, ಅಷ್ಟೇ. ಮನೆಯಲ್ಲಿ ಮೂರು ಫೋನಿದ್ದರೆ 20,000ದ್ದೇ ಬೇಕು.

ಸಿಗ್ನಲ್ ಕಡಿಮೆ ಇರುವಲ್ಲಿ ಫೋನಿನ ಚಾರ್ಜು ಬೇಗ ಇಳಿಯುತ್ತದೆ, ಗಮನಿಸಿದ್ದೀರಾ? ಟವರ್ ಹುಡುಕಲು ಅದು ಹೆಚ್ಚು ಶಕ್ತಿ ಹಾಕುತ್ತದೆ. ಕರೆಂಟಿಲ್ಲದ ರಾತ್ರಿ ಮನೆಯ ಒಂದು ಫೋನನ್ನು ಮಾತ್ರ ಆನ್ ಇಟ್ಟು ಉಳಿದವನ್ನು ಫ್ಲೈಟ್ ಮೋಡ್‌ಗೆ ಹಾಕಿ. ಬೆಳಗ್ಗೆಗೆ ಚಾರ್ಜು ಹಾಗೇ ಇರುತ್ತದೆ.

ಶೀತ, ಬೂಷ್ಟು, ಒದ್ದೆ

ಬಟ್ಟೆಗೆ, ಚಪ್ಪಲಿಗೆ ಬೂಷ್ಟು ಹಿಡಿಯುವ ಮನೆಯಲ್ಲಿ ಕಂಪ್ಯೂಟರಿಗೂ ಶೀತ ಹಿಡಿಯುತ್ತದೆ. ಸಿಪಿಯುವನ್ನು ನೆಲದ ಮೇಲೆ ಇಡಬೇಡಿ. ಗೋಡೆಗೆ ಒತ್ತಿಯೂ ಇಡಬೇಡಿ, ಒಂದು ಗೇಣು ಜಾಗ ಬಿಡಿ. ಮಕ್ಕಳು ಬೆಂಗಳೂರಿಗೆ ಹೋದ ಮೇಲೆ ಕಂಪ್ಯೂಟರಿಗೆ ಬಟ್ಟೆ ಮುಚ್ಚಿ ತಿಂಗಳುಗಟ್ಟಲೆ ಬಿಡುವ ಮನೆಗಳಿವೆ. ವಾರಕ್ಕೊಮ್ಮೆ ಅರ್ಧ ಗಂಟೆ ಆನ್ ಮಾಡಿ. ಅದರ ಬಿಸಿಗೇ ಒಳಗಿನ ಪಸೆ ಆರುತ್ತದೆ. ಹಿಂಬದಿಯ ತೆರೆದ ಸಂದುಗಳಿಂದ ಹಲ್ಲಿ ಒಳಗೆ ಹೋಗುವುದು ಕಾಮಿಡಿಯಲ್ಲ. ಅತ್ತೆಯ ಮನೆಯ ಸಿಪಿಯು ಬಿಚ್ಚಿದಾಗ ಸುಟ್ಟು ಕರಕಲಾದ ಹಲ್ಲಿ ಸಿಕ್ಕಿತ್ತು, ಜೊತೆಗೆ ಸುಟ್ಟ ಬೋರ್ಡೂ.

ಫೋನು ನೆಂದರೆ ಆಫ್ ಮಾಡಿ. ಒರೆಸಿ. ಸಿಮ್ ಟ್ರೇ ತೆಗೆಯಿರಿ. ಚಾರ್ಜಿಂಗ್ ತೂತು ಕೆಳಮುಖವಾಗಿರುವಂತೆ ಫ್ಯಾನಿನ ಗಾಳಿಗೆ ಇಡಿ. ಒಂದು ದಿನ ಚಾರ್ಜಿಗೆ ಹಾಕಬೇಡಿ. ಅಕ್ಕಿ ಡಬ್ಬಿಯಲ್ಲಿ ಹೂಳುವುದು ಎಲ್ಲರ ಮನೆಯ ಮದ್ದು, ಆದರೆ ಅದರಿಂದ ಲಾಭಕ್ಕಿಂತ ಅಕ್ಕಿಯ ಹುಡಿ ತೂತಿಗೆ ಸೇರುವುದೇ ಜಾಸ್ತಿ. ಹೊಸ ಶೂ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಡಬ್ಬಿಯಲ್ಲಿ ಇಟ್ಟುಕೊಂಡಿರಿ, ಅವು ಒಳ್ಳೆಯವು. ಇನ್ನೊಂದು, ಒಲೆಯ ಮೇಲಿನ ಅಟ್ಟ ಸೌದೆ ಒಣಗಲು ಸರಿ, ಫೋನಿಗಲ್ಲ. ಬ್ಯಾಟರಿಗೆ ಬಿಸಿ ಆಗಿಬರುವುದಿಲ್ಲ.

ಚಾರ್ಜಿಗೆ ಹಾಕಿದಾಗ ನೀರಿನ ಹನಿಯ ಗುರುತು ತೋರಿಸಿದರೆ ತೂತಿನಲ್ಲಿ ಪಸೆ ಇದೆ ಎಂದರ್ಥ. ವಯರ್ ತೆಗೆದು ಕಾಯಿರಿ. ಫೋನಿನ ಬೆನ್ನು ಉಬ್ಬಿ ಮುಚ್ಚಳ ಎದ್ದಿದ್ದರೆ ಒಳಗೆ ಬ್ಯಾಟರಿ ಊದಿಕೊಂಡಿದೆ. ಅದನ್ನು ಒತ್ತಿ ಕೂರಿಸಬೇಡಿ, ಚಾರ್ಜ್ ಮಾಡಲೂಬೇಡಿ. ನೇರ ರಿಪೇರಿಯವರ ಹತ್ತಿರ ಒಯ್ಯಿರಿ.

ಫೋಟೋಗಳು

ಆ ಭಾನುವಾರದ ದೊಡ್ಡ ಕೆಲಸ ಇದೇ. ಫೋನು ಹೋದರೆ ಇನ್ನೊಂದು ಬರುತ್ತದೆ. ಅಜ್ಜನ ಕೊನೆಯ ಫೋಟೋ ಬರುವುದಿಲ್ಲ.

ಎಲ್ಲ ಗೂಗಲ್‌ನಲ್ಲಿ ಇರುತ್ತಲ್ಲ ಎಂದು ಸುಮ್ಮನಿರುವವರೇ ಹೆಚ್ಚು. ಉಚಿತವಾಗಿ ಸಿಗುವುದು ಒಟ್ಟು 15 ಜಿಬಿ. ಮೇಲ್, ಡ್ರೈವ್, ಫೋಟೋ ಮೂರಕ್ಕೂ ಸೇರಿ ಅಷ್ಟೇ. 2021ರ ಜೂನ್‌ನಿಂದ ಹೊಸ ಫೋಟೋಗಳೆಲ್ಲ ಇದರ ಲೆಕ್ಕಕ್ಕೆ ಬರುತ್ತವೆ. ಈಚೆಗೆ ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್, ಅಂದರೆ ಕಾಪಿಟ್ಟ ಪ್ರತಿ ಕೂಡ. ತುಂಬಿದ ಮೇಲೆ ಬ್ಯಾಕಪ್ ನಿಂತುಹೋಗಿರುತ್ತದೆ. ನಾವು ನೋಡಿರುವುದಿಲ್ಲ. ಗೂಗಲ್ ಫೋಟೋಸ್ ತೆರೆದು ಮೇಲಿನ ನಿಮ್ಮ ಚಿತ್ರ ಒತ್ತಿ. ಬ್ಯಾಕಪ್ ಮುಗಿದಿದೆಯೇ, ನಿಂತಿದೆಯೇ ಅಲ್ಲೇ ಬರೆದಿರುತ್ತದೆ.

ಕಂಪ್ಯೂಟರಿಗೂ ಒಂದು ಪ್ರತಿ ಹಾಕಿ. ದಾರಿ ಹೀಗೆ:

1. ಚಾರ್ಜರಿನ ವಯರಿನಿಂದಲೇ ಫೋನನ್ನು ಕಂಪ್ಯೂಟರಿಗೆ ಜೋಡಿಸಿ, ಲಾಕ್ ತೆಗೆಯಿರಿ. ಕೆಲವು ಅಗ್ಗದ ವಯರುಗಳಲ್ಲಿ ಚಾರ್ಜ್ ಮಾತ್ರ ಆಗುತ್ತದೆ, ಫೈಲ್ ಹೋಗುವುದಿಲ್ಲ. ಫೋನಿನ ಜೊತೆ ಬಂದ ವಯರೇ ಇರಲಿ.
2. ಫೋನಿನ ಪರದೆಯನ್ನು ಮೇಲಿಂದ ಎಳೆದು, ಯುಎಸ್‌ಬಿ ಎಂದಿರುವುದನ್ನು ಒತ್ತಿ 'ಫೈಲ್ ಟ್ರಾನ್ಸ್‌ಫರ್' ಆರಿಸಿ.
3. ಕಂಪ್ಯೂಟರಿನಲ್ಲಿ ಫೋನಿನ ಹೆಸರು ಕಾಣುತ್ತದೆ. ಅದರೊಳಗೆ 'ಡಿಸಿಐಎಂ', ಅದರೊಳಗೆ 'ಕ್ಯಾಮೆರಾ'. ಆ ಫೋಲ್ಡರನ್ನು ಕಾಪಿ ಮಾಡಿ ಇಸವಿಯ ಹೆಸರಿಟ್ಟು ಪೇಸ್ಟ್ ಮಾಡಿ. 'ಕಟ್' ಮಾಡಬೇಡಿ. ಮಧ್ಯದಲ್ಲಿ ಕರೆಂಟು ಹೋದರೆ ಅರ್ಧ ಇಲ್ಲಿ, ಅರ್ಧ ಅಲ್ಲಿ.
4. ಅಲ್ಲೊಂದು ಇಲ್ಲೊಂದು ಫೋಟೋ ತೆರೆದು ನೋಡಿ.
5. ಅದೇ ಫೋಲ್ಡರನ್ನು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೂ ಹಾಕಿ, 'ಇಜೆಕ್ಟ್' ಮಾಡಿ ತೆಗೆದು, ಬೀರುವಿನಲ್ಲಿ ಇಡಿ. ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಟ್ಟರೆ ಸಿಡಿಲಿಗೆ ಎರಡೂ ಒಟ್ಟಿಗೆ ಹೋಗುತ್ತವೆ.

ಪೆನ್ ಡ್ರೈವ್ ಸಾಗಿಸಲಿಕ್ಕೆ ಸರಿ, ವರ್ಷಗಟ್ಟಲೆ ಇಡಲಿಕ್ಕಲ್ಲ.

ಎಲ್ಲರೂ ಎಡವುವ ಜಾಗ ಒಂದಿದೆ. ಫೋನಿನಲ್ಲಿ ಜಾಗ ಮಾಡಲು ಗೂಗಲ್ ಫೋಟೋಸ್ ಒಳಗೆ ಹೋಗಿ ಡಿಲೀಟ್ ಒತ್ತುತ್ತಾರೆ. ಅಲ್ಲಿ ಡಿಲೀಟ್ ಮಾಡಿದರೆ ಫೋನಿನಿಂದಲೂ ಹೋಗುತ್ತದೆ, ಗೂಗಲ್ ಖಾತೆಯಿಂದಲೂ ಹೋಗುತ್ತದೆ. ಫೋನಿನಿಂದ ಮಾತ್ರ ತೆಗೆಯಬೇಕಾದರೆ 'ಫ್ರೀ ಅಪ್ ಸ್ಪೇಸ್' ಎಂಬುದನ್ನು ಬಳಸಬೇಕು. ತಪ್ಪಾಗಿ ಅಳಿಸಿದ್ದರೆ ಗಾಬರಿ ಬೇಡ. ಬ್ಯಾಕಪ್ ಆಗಿದ್ದ ಫೋಟೋ 60 ದಿನ 'ಟ್ರ್ಯಾಶ್'ನಲ್ಲಿ ಇರುತ್ತದೆ, ವಾಪಸ್ ತರಬಹುದು.

ಇನ್ನು ಜಾಗ ತಿನ್ನುವ ನಿಜವಾದ ಕಳ್ಳ ವಾಟ್ಸಾಪ್. ಬೆಳಗಿನ ಶುಭಾಶಯ, ಸೂರ್ಯೋದಯ, ಗುಲಾಬಿ ಹೂ. ಸೆಟ್ಟಿಂಗ್ಸ್, 'ಸ್ಟೋರೇಜ್ ಅಂಡ್ ಡೇಟಾ', 'ಮ್ಯಾನೇಜ್ ಸ್ಟೋರೇಜ್' ಎಂದು ಹೋಗಿ. 5 ಎಂಬಿಗಿಂತ ದೊಡ್ಡವು, ಹಲವು ಸಲ ಫಾರ್ವರ್ಡ್ ಆದವು ಎಂದು ಬೇರೆ ಬೇರೆ ಗುಂಪು ಮಾಡಿಟ್ಟಿರುತ್ತದೆ. ಅಳಿಸುತ್ತಾ ಹೋಗಿ. ಅಲ್ಲೇ 'ಮೀಡಿಯಾ ಆಟೋ ಡೌನ್‌ಲೋಡ್' ಕೂಡ ಬಂದ್ ಮಾಡಿದರೆ ಬೇಕಾದ್ದನ್ನು ಮಾತ್ರ ಒತ್ತಿ ನೋಡಬಹುದು. ನಮ್ಮ ಅಮ್ಮನ ಫೋನಿನಲ್ಲಿ ಹೀಗೆ 11 ಜಿಬಿ ಖಾಲಿಯಾಯಿತು. ಗುಲಾಬಿಗಳು ಎಲ್ಲಿ ಹೋದವು ಎಂದು ಎರಡು ದಿನ ಮುನಿಸಿಕೊಂಡಿದ್ದರು.

ಸಿಗ್ನಲ್ ಇಲ್ಲದ ಊರು

ಮನೆಯಲ್ಲಿ ವೈಫೈ ಇದ್ದು ಟವರ್ ಮಾತ್ರ ಸಿಗದಿದ್ದರೆ ಫೋನಿನ ಸಿಮ್ ಸೆಟ್ಟಿಂಗ್ಸ್‌ನಲ್ಲಿ 'ವೈಫೈ ಕಾಲಿಂಗ್' ಹಾಕಿ. ಮಾಮೂಲಿ ಕರೆಗಳೇ ವೈಫೈ ಮೂಲಕ ಬರುತ್ತವೆ. ಮಾತಾಡಲು ಕೊಡೆ ಹಿಡಿದು ಗುಡ್ಡ ಹತ್ತುವ ಕೆಲಸ ತಪ್ಪುತ್ತದೆ.

ಚಾರ್ಮಾಡಿ ಅಥವಾ ಶಿರಾಡಿ ಘಾಟಿ ಇಳಿಯುವವರು ಹೊರಡುವ ಮುಂಚೆ ಮನೆಯಲ್ಲೇ ಗೂಗಲ್ ಮ್ಯಾಪ್ಸ್ ತೆರೆದು, ತಮ್ಮ ಚಿತ್ರ ಒತ್ತಿ, 'ಆಫ್‌ಲೈನ್ ಮ್ಯಾಪ್ಸ್' ಒಳಗೆ ಚಿಕ್ಕಮಗಳೂರಿನಿಂದ ಮಂಗಳೂರಿನವರೆಗಿನ ಭಾಗ ಇಳಿಸಿಕೊಳ್ಳಿ. ನೆಟ್ ಇಲ್ಲದಿದ್ದರೂ ದಾರಿ ತೋರಿಸುತ್ತದೆ. ಮಣ್ಣು ಕುಸಿದು ರಸ್ತೆ ಬಂದ್ ಆಗಿದೆಯೇ ಎಂದು ಮಾತ್ರ ಅದಕ್ಕೆ ಗೊತ್ತಾಗುವುದಿಲ್ಲ. ಕೊಟ್ಟಿಗೆಹಾರದಲ್ಲಿ ಚಹಾ ಕುಡಿಯುವಾಗ ಕೇಳಿಕೊಳ್ಳಿ.

ನೆಟ್ ಇಲ್ಲದೆ ಹಣ ಕಳಿಸಲು *99# ಡಯಲ್ ಮಾಡುವ ದಾರಿ ಇದೆ, ಬಟನ್ ಫೋನಿನಲ್ಲೂ ನಡೆಯುತ್ತದೆ. ಆದರೂ ಮಳೆಗಾಲದಲ್ಲಿ ಮನೆಯಲ್ಲಿ ಒಂದೆರಡು ಸಾವಿರ ನಗದು ಇರಲಿ.

ಕರೆಂಟಿನ ಹೆಸರಲ್ಲಿ ಕಳ್ಳರು

ಮಳೆಗಾಲಕ್ಕೆ ಹೊಂದುವ ಒಂದು ಮೋಸದ ಮೆಸೇಜ್ ಇದೆ. "ನಿಮ್ಮ ಬಿಲ್ ಅಪ್‌ಡೇಟ್ ಆಗಿಲ್ಲ, ಇಂದು ರಾತ್ರಿ 9.30ಕ್ಕೆ ಕರೆಂಟ್ ಕಡಿತ, ಈ ನಂಬರಿಗೆ ಕರೆ ಮಾಡಿ." ಮೊದಲೇ ಕರೆಂಟಿಲ್ಲದೆ ಬೇಸತ್ತವರು ಕರೆ ಮಾಡಿಬಿಡುತ್ತಾರೆ. ಆ ಕಡೆಯವನು ಒಂದು ಆ್ಯಪ್ ಹಾಕಿಸಿ ನಿಮ್ಮ ಪರದೆಯನ್ನೇ ನೋಡುತ್ತಾ ಕೂರುತ್ತಾನೆ. ಕರೆಂಟಿನ ಯಾವ ದೂರಿಗೂ ನಂಬರ್ 1912. ಚಿಕ್ಕಮಗಳೂರು ಜಿಲ್ಲೆಗೆ ಮೆಸ್ಕಾಂ, ಹಾಸನಕ್ಕೆ ಮೈಸೂರಿನ ಚಾಮುಂಡೇಶ್ವರಿ ಕಂಪನಿ, ಎರಡಕ್ಕೂ ಇದೇ. ಮೆಸೇಜಿನಲ್ಲಿರುವ ಹತ್ತು ಅಂಕಿಯ ನಂಬರಿಗೆ ಯಾವತ್ತೂ ಬೇಡ.

ಮದುವೆ ಆಮಂತ್ರಣ, ಟ್ರಾಫಿಕ್ ದಂಡ, ಸರ್ಕಾರಿ ಯೋಜನೆ ಎಂದು ವಾಟ್ಸಾಪ್‌ನಲ್ಲಿ ಬರುವ ಫೈಲಿನ ಹೆಸರು 'ಎಪಿಕೆ' ಎಂದು ಮುಗಿದರೆ ಮುಟ್ಟಬೇಡಿ. ಆಮಂತ್ರಣ ಚಿತ್ರವಾಗಿ ಬರುತ್ತದೆ, ಇಲ್ಲವೇ ಪಿಡಿಎಫ್ ಆಗಿ. ಆ್ಯಪ್ ಆಗಿ ಯಾಕೆ ಬರಬೇಕು, ಅಲ್ವಾ? ಹಣ ಪಡೆಯಲು ಯುಪಿಐ ಪಿನ್ ಬೇಡ. ಪಿನ್ ಒತ್ತಿದಿರಿ ಎಂದರೆ ಹಣ ಹೋಗುತ್ತದೆ, ಬರುವುದಿಲ್ಲ. ಹೋದ ಮೇಲೆ ನಾಚಿಕೆಪಟ್ಟು ಕೂರಬೇಡಿ. ಕೂಡಲೇ ಸೈಬರ್ ಮೋಸದ ದೂರಿಗಿರುವ ಸರ್ಕಾರಿ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಮಾಡಿದರೆ ಕಳ್ಳನ ಖಾತೆಯಲ್ಲಿ ಹಣ ತಡೆಯುವ ಸಾಧ್ಯತೆ ಅಷ್ಟು ಜಾಸ್ತಿ.

ಕಂಪ್ಯೂಟರಿನಲ್ಲಿ ಇನ್ನೂ ವಿಂಡೋಸ್ 10 ಇದ್ದರೆ ಅದಕ್ಕೆ ಸಾಮಾನ್ಯ ಬೆಂಬಲ, ಅಂದರೆ ಕಂಪನಿ ಕಳಿಸುವ ಸುರಕ್ಷತೆಯ ಅಪ್‌ಡೇಟ್, 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಸೆಟ್ಟಿಂಗ್ಸ್‌ನ ಅಪ್‌ಡೇಟ್ ಪುಟದಲ್ಲಿ 11ಕ್ಕೆ ಹೋಗಬಹುದೇ ಎಂದು ತೋರಿಸುತ್ತದೆ, ದುಡ್ಡಿಲ್ಲ. ಆಗದಷ್ಟು ಹಳೆಯದಾದರೆ ಅದರಲ್ಲಿ ಬ್ಯಾಂಕಿನ ವ್ಯವಹಾರ ಬೇಡ. ಪಹಣಿ ಪ್ರಿಂಟ್, ಫೋಟೋ, ಲೆಕ್ಕಕ್ಕೆ ಇರಲಿ.

ಕ್ಯಾಲೆಂಡರಿನ ಬೆನ್ನು

ಕೊನೆಯ ಕೆಲಸಕ್ಕೆ ಪೆನ್ನು ಸಾಕು. ಫೋನು ಸತ್ತಾಗ ಮಗಳ ನಂಬರೂ ಬಾಯಿಗೆ ಬರುವುದಿಲ್ಲ. ಗೋಡೆಯ ಕ್ಯಾಲೆಂಡರಿನ ಹಿಂದೆ ದೊಡ್ಡದಾಗಿ ಬರೆದಿಡಿ: ಮಕ್ಕಳ ನಂಬರು, ಲೈನ್‌ಮ್ಯಾನ್, ಡಾಕ್ಟರು, ಜೀಪಿನವರು, ತುರ್ತು ಸಹಾಯದ 112, ಮೇಲೆ ಹೇಳಿದ 1912, 1930. ಪ್ರತಿ ಫೋನಿನಲ್ಲೂ *#06# ಒತ್ತಿ, ಬರುವ 15 ಅಂಕಿಯ ಐಎಂಇಐ ನಂಬರನ್ನೂ ಬರೆಯಿರಿ. ಫೋನು ಕಳವಾದರೆ ಪೊಲೀಸ್ ದೂರು ಕೊಟ್ಟು, ಕೇಂದ್ರ ಸರ್ಕಾರದ 'ಸಂಚಾರ್ ಸಾಥಿ' ತಾಣದಲ್ಲಿ ಈ ನಂಬರ್ ಹಾಕಿ ಬ್ಲಾಕ್ ಮಾಡಿಸಬಹುದು. ಆಮೇಲೆ ಯಾವ ಸಿಮ್ ಹಾಕಿದರೂ ಕಳ್ಳನಿಗೆ ಅದು ಕೆಲಸಕ್ಕೆ ಬರುವುದಿಲ್ಲ. ಪಿನ್, ಪಾಸ್‌ವರ್ಡ್ ಮಾತ್ರ ಅಲ್ಲಿ ಬರೆಯಬೇಡಿ, ಕ್ಯಾಲೆಂಡರ್ ನೋಡಲು ಊರವರೆಲ್ಲ ಬರುತ್ತಾರೆ.

ಜನವರಿಯಲ್ಲಿ ಕ್ಯಾಲೆಂಡರ್ ಬದಲಿಸುವಾಗ ಹಳೆಯದನ್ನು ಎಸೆಯುವ ಮುಂಚೆ ಆ ಪುಟ ಕತ್ತರಿಸಿಟ್ಟುಕೊಳ್ಳಿ. ನಮ್ಮಲ್ಲಿ ಒಂದು ವರ್ಷ ಅದು ನೇರ ಬಚ್ಚಲ ಒಲೆಗೆ ಹೋಗಿ, ಮತ್ತೆ ಎಲ್ಲರ ಫೋನು ಇಸಿದುಕೊಂಡು ಮೊದಲಿಂದ ಬರೆದೆ.